ಹನ್ನೆರಡು ಬಣ್ಣ ಹೊತ್ತ ಪ್ರತಿಕಾಯ

ಪ್ರಶ್ನೆ: ನಾನು ಗದಗಿನವಳು, ಪುಣೆಯ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮೌಸ್ ಜಾತಿಯ ಇಲಿಯ ಸಣ್ಣ ಕರುಳನ್ನು ಹೆಪ್ಪುಗಟ್ಟಿಸಿ ತೆಳುವಾಗಿ ಕೊಯ್ದ ಫ್ರೋಜನ್ ಸೆಕ್ಷನ್‌ಗಳಲ್ಲಿ ಎಪಿಥೀಲಿಯಂ (ಹೊದಿಕೆ) ಜೀವಕೋಶಗಳ ಪೊರೆಯ ಪ್ರೋಟೀನೊಂದನ್ನು ಗುರುತಿಸಬೇಕು. ಬೇರೆ ಜಾತಿಯ ದೊಡ್ಡ ಇಲಿಯಾದ ರ‍್ಯಾಟ್‌ನ ಮೊನೊಕ್ಲೋನಲ್ ಪ್ರತಿಕಾಯ ಹಾಕಿ, ಅದರ ಮೇಲೆ ಅದನ್ನು ಹಿಡಿಯುವ ಬಣ್ಣದ ಸೆಕೆಂಡರಿ ಪ್ರತಿಕಾಯ ಹಾಕಿದಾಗ ಪೊರೆ ಗೆರೆ ಎಳೆದಂತೆ ಕಾಣುತ್ತಿತ್ತು. ಅದೇ ಸೆಕ್ಷನ್‌ನಲ್ಲಿ ರ‍್ಯಾಟ್‌ನದೇ ಇನ್ನೊಂದು ಪ್ರತಿಕಾಯವನ್ನೂ ಬಳಸಬೇಕಾಗಿ ಬಂತು, ಸೆಕೆಂಡರಿಗೆ ಎರಡರ ಭೇದ ತಿಳಿಯದು; ಅದಕ್ಕೇ ಮೊದಲನೆಯದಕ್ಕೆ ನಾನೇ ಎಫ್‌ಐಟಿಸಿ (ಫ್ಲೋರೆಸಿನ್‌ನ ಹಸಿರು ಹೊಳಪಿನ ಬಣ್ಣ) ಕಟ್ಟಿದೆ. ಈಗ ಪೊರೆ ಮಬ್ಬಾಗಿದೆ, ಎಲ್ಲೆಲ್ಲೂ ಹಸಿರು ಮಂಜು ಕವಿದಿದೆ, ವಿಲ್ಲೈಗಳ (ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳ) ಒಳತಿರುಳಿನ ಕೆಲವು ಜೀವಕೋಶಗಳು ಮಾತ್ರ ಕಣ್ಣು ಕುಕ್ಕುವಂತೆ ಹೊಳೆಯುತ್ತಿವೆ. ಪ್ರತಿಕಾಯದ ಪ್ರಮಾಣ ಹೆಚ್ಚಿಸು ಎನ್ನುತ್ತಾರೆ ಮಾರ್ಗದರ್ಶಕರು. ಮುಂಬಯಿಯ ಆಸ್ಪತ್ರೆಯೊಂದರಲ್ಲಿರುವ ಗೆಳತಿ ಚರ್ಮದ ಬಯಾಪ್ಸಿಗೆ ದಿನವೂ ಎಫ್‌ಐಟಿಸಿ ಬಳಸುತ್ತಾಳೆ, ಅವಳಿಗೆ ಈ ತೊಂದರೆಯೇ ಇಲ್ಲ. ತಪ್ಪು ಎಲ್ಲಿದೆ? ಬಣ್ಣ ಕಟ್ಟಿ ಶುದ್ಧಗೊಳಿಸಿದ ಮೇಲೆ ಅಳೆದ ಬೆಳಕಿನ ಹೀರಿಕೆ: 280 ನ್ಯಾನೊಮೀಟರ್‌ನಲ್ಲಿ 0.90, 495ರಲ್ಲಿ 1.60.

ಉತ್ತರ: ಪ್ರಮಾಣ ಹೆಚ್ಚಿಸುವುದನ್ನು ಸದ್ಯಕ್ಕೆ ಬಿಡಿ. ಪ್ರಶ್ನೆಯ ಕೊನೆಯಲ್ಲಿ ಸಂಕೋಚದಿಂದ ಸೇರಿಸಿದಂತಿರುವ ಆ ಎರಡು ಅಂಕಿಗಳು ಬಹಳಷ್ಟನ್ನು ಬಾಯಿಬಿಟ್ಟು ಹೇಳುತ್ತಿವೆ. ನೀವು ಅಳೆದಿದ್ದೀರಿ, ಲೆಕ್ಕ ಹಾಕಿದಂತಿಲ್ಲ. ಈಗ ಹಾಕೋಣ.

ಫ್ಲೋರೆಸಿನ್ ಮುಖ್ಯವಾಗಿ 495ರಲ್ಲಿ ಬೆಳಕು ಹೀರುತ್ತದೆ. ಆದರೆ 280ರಲ್ಲಿಯೂ ಅದು ಸುಮ್ಮನಿರುವುದಿಲ್ಲ. 495ರ ಹೀರಿಕೆಯ ಸುಮಾರು 0.30 ಪಾಲು ಅಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನಿಮ್ಮ 0.90ರಲ್ಲಿ 0.48 ಬಣ್ಣದ್ದು, ಪ್ರೋಟೀನಿನದು ಉಳಿದ 0.42 ಮಾತ್ರ. ಐಜಿಜಿಯ, ಅಂದರೆ ಈ ವರ್ಗದ ಪ್ರತಿಕಾಯದ, ಮೋಲಾರ್ ಹೀರಿಕೆಯನ್ನು 2,10,000 ಎಂದು ಹಿಡಿದರೆ ನಿಮ್ಮ ಕೊಳವೆಯಲ್ಲಿರುವ ಪ್ರತಿಕಾಯ 2 ಮೈಕ್ರೊಮೋಲಾರ್. ಬಣ್ಣದ ಮೋಲಾರ್ ಹೀರಿಕೆ 68,000, 1.60ನ್ನು ಅದರಿಂದ ಭಾಗಿಸಿದರೆ 23.5 ಮೈಕ್ರೊಮೋಲಾರ್. ಅಂದರೆ ಒಂದೊಂದು ಪ್ರತಿಕಾಯದ ಮೈಮೇಲೆ ಸರಾಸರಿ ಹನ್ನೆರಡು ಬಣ್ಣದ ಅಣುಗಳು ಕೂತಿವೆ. ಅಂಗಾಂಶಕ್ಕೆ ನಾನು ಒಪ್ಪುವುದು ಎರಡರಿಂದ ಐದು. ಹನ್ನೆರಡು ಎಂಬುದು ಸರಾಸರಿ ಎನ್ನುವುದನ್ನೂ ಮರೆಯಬೇಡಿ: ಏಳು ಹೊತ್ತವೂ ಅದೇ ಕೊಳವೆಯಲ್ಲಿವೆ, ಹದಿನೇಳು ಹೊತ್ತವೂ ಇವೆ.

ಇದೇ ಲೆಕ್ಕದೊಳಗೆ ಇನ್ನೊಂದು ಗುಂಡಿ ಇದೆ. ಬಣ್ಣದ ಪಾಲನ್ನು ಕಳೆಯದೆ ನೇರವಾಗಿ 0.90ನ್ನು 1.4ರಿಂದ (ಮಿಲಿಲೀಟರಿಗೆ 1 ಮಿಲಿಗ್ರಾಂ ಐಜಿಜಿಯ ಹೀರಿಕೆ) ಭಾಗಿಸಿದ್ದರೆ ಪ್ರತಿಕಾಯ ಮಿಲಿಲೀಟರಿಗೆ 0.64 ಮಿಲಿಗ್ರಾಂ ಎಂದು ಬಂದಿರುತ್ತದೆ. ನಿಜವಾಗಿ ಇರುವುದು 0.30. ಆ ಅಂಕಿಯನ್ನು ನಂಬಿ ತೆಳುಗೊಳಿಸಿದ್ದರೆ ಸೆಕ್ಷನ್ ಮೇಲೆ ಬಿದ್ದದ್ದು ನೀವು ಅಂದುಕೊಂಡದ್ದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ನಿಮ್ಮ ಮಾರ್ಗದರ್ಶಕರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಅವರು ಹೇಳಿದಂತೆ ಮಾಡಿದರೆ ಪೊರೆ ಒಂದಿಷ್ಟು ಹೊಳೆಯಬಹುದು, ಮಂಜೂ ಅದರ ಜೊತೆಯಲ್ಲೇ ಏರುತ್ತದೆ. ನಮಗೆ ಬೇಕಾದದ್ದು ಪೊರೆಗೂ ಮಂಜಿಗೂ ಇರುವ ಅಂತರ.

ಬಣ್ಣ ಹೆಚ್ಚಿದರೆ ಬೆಳಕು ಹೆಚ್ಚಬೇಕಲ್ಲವೇ ಎಂಬ ಎಣಿಕೆ ಸಹಜವಾದದ್ದು. ಗಣಪತಿ ಪೆಂಡಾಲಿಗೆ ಬಲ್ಬಿನ ಸರ ಕಟ್ಟುವವನ ಲೆಕ್ಕ ಅದು. ಫ್ಲೋರೆಸಿನ್ ವಿಷಯದಲ್ಲಿ ಅದು ನಡೆಯುವುದಿಲ್ಲ. ಅದು ಹೀರುವುದು 495ರ ಆಸುಪಾಸು, ಉಗುಳುವುದು 520ರ ಆಸುಪಾಸು. ಎರಡರ ನಡುವೆ ಅಂತರ ಸಣ್ಣದು. ಅಣುಗಳು ಒತ್ತೊತ್ತಾಗಿ ಕೂತಾಗ ಒಂದು ಪಡೆದ ಶಕ್ತಿಯನ್ನು ಪಕ್ಕದ್ದು ಕಿತ್ತುಕೊಳ್ಳುತ್ತದೆ, ಅದರಿಂದ ಇನ್ನೊಂದು; ಕೈಬದಲಾಗುತ್ತ ಹೋಗಿ ಕೊನೆಗೆ ಎಲ್ಲೋ ಒಂದು ಕಡೆ ಬೆಳಕಾಗದೆ ಶಾಖವಾಗಿ ಮುಗಿಯುತ್ತದೆ. ನಾಲ್ಕೈದು ಅಣುಗಳವರೆಗೆ ಹೊಳಪು ಏರುತ್ತದೆ, ಆಮೇಲೆ ಸಮತಟ್ಟಾಗುತ್ತದೆ, ಇನ್ನೂ ಮುಂದೆ ಹೋದರೆ ಇಳಿಯುತ್ತದೆ. ಕೊಳವೆಯನ್ನು ಕಿಟಕಿಗೆ ಹಿಡಿದು ನೋಡಿದರೆ ಮಾತ್ರ ಗಾಢವಾದ ಹಳದಿ, ನೋಡಿ ಖುಷಿಪಡುವಂತಿರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹಿಡಿತಕ್ಕೆ ಆಗುವ ಪೆಟ್ಟು. ಎಫ್‌ಐಟಿಸಿ ಅಂಟುವುದು ಮುಖ್ಯವಾಗಿ ಲೈಸಿನ್ ಎಂಬ ಅಮೈನೊ ಆಮ್ಲದ ಅಮೈನ್ ತುದಿಗಳಿಗೆ. ಒಂದು ಐಜಿಜಿಯಲ್ಲಿ ಎಂಬತ್ತರಷ್ಟು ಲೈಸಿನ್‌ಗಳಿರುತ್ತವೆ, ಮೈತುಂಬ ಹರಡಿಕೊಂಡಿರುತ್ತವೆ. ಬಣ್ಣಕ್ಕೆ ಇದು ಬಾಲ, ಇದು ತೋಳಿನ ತುದಿ ಎಂಬ ಭೇದವಿಲ್ಲ, ಸಿಕ್ಕಿದ್ದಕ್ಕೆ ಕೂರುತ್ತದೆ. ಪ್ರತಿಜನಕವನ್ನು (ಪ್ರತಿಕಾಯ ಗುರುತಿಸುವ ಪ್ರೋಟೀನನ್ನು) ಹಿಡಿಯುವ ತಾಣದಲ್ಲೇ ಒಂದು ಲೈಸಿನ್ ಇದ್ದು ಬಣ್ಣ ಅದಕ್ಕೆ ಕಚ್ಚಿಕೊಂಡರೆ ಆ ತೋಳು ಹೋದಂತೆಯೇ. ಪಾಲಿಕ್ಲೋನಲ್ ಆಗಿದ್ದರೆ ಕೊಳವೆಯೊಳಗೆ ನೂರಾರು ಬಗೆಯ ಪ್ರತಿಕಾಯಗಳಿರುತ್ತವೆ, ಕೆಲವು ಕೆಟ್ಟರೂ ಉಳಿದವು ಕೆಲಸ ಸಾಗಿಸುತ್ತವೆ. ನಿಮ್ಮದು ಮೊನೊಕ್ಲೋನಲ್. ಎಲ್ಲವೂ ಒಂದೇ ಅಚ್ಚಿನವು. ಅಚ್ಚಿನಲ್ಲಿ ಆ ಲೈಸಿನ್ ತಪ್ಪು ಜಾಗದಲ್ಲಿದ್ದರೆ ಎಲ್ಲಕ್ಕೂ ಒಂದೇ ಗತಿ. ಅದಕ್ಕೇ ಒಂದು ಮೊನೊಕ್ಲೋನಲ್ ಆರು ಬಣ್ಣ ಹೊತ್ತೂ ಜಗ್ಗುವುದಿಲ್ಲ, ಇನ್ನೊಂದು ಮೂರಕ್ಕೇ ಕುಸಿಯುತ್ತದೆ. ಕಟ್ಟಿ ನೋಡುವವರೆಗೆ ಯಾವುದು ಹೇಗೆಂದು ಹೇಳಲಾಗದು. ಬಣ್ಣ ಕಟ್ಟಿದ ಪ್ರತಿಕಾಯವನ್ನು ಹಳೆಯ ಪ್ರತಿಕಾಯಕ್ಕೆ ದೀಪ ಸಿಕ್ಕಿಸಿದ್ದು ಎಂದು ನಾನು ಎಣಿಸುವುದಿಲ್ಲ. ಅದು ಹೊಸ ಪ್ರತಿಕಾಯ. ಹಳೆಯದರ ಸರ್ಟಿಫಿಕೇಟು ಅದಕ್ಕೆ ಸಲ್ಲುವುದಿಲ್ಲ.

ಈ ಎಚ್ಚರ ಹೊಸದೇನಲ್ಲ. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ನ್ಯೂಮೊಕಾಕಸ್ ವಿರುದ್ಧದ ಪ್ರತಿಕಾಯಕ್ಕೆ ಹೊಳೆಯುವ ಅಣುವನ್ನು ಮೊದಲ ಬಾರಿ ಕಟ್ಟಿದಾಗ ಅವರು ಪರೀಕ್ಷಿಸಿದ್ದು ಇದನ್ನೇ: ಬಣ್ಣ ಹೊತ್ತ ಮೇಲೂ ಅದು ತನ್ನ ಬ್ಯಾಕ್ಟೀರಿಯಾವನ್ನು ಹಿಡಿದು ಗುಂಪುಗೂಡಿಸುತ್ತದೆಯೇ? ಅದಾದ ಮೇಲೆಯೇ, 1942ರಲ್ಲಿ, ಅಂಗಾಂಶಕ್ಕೆ ಹೋದರು. ಮೊದಲ ಬಣ್ಣದ ನೀಲಿ ಹೊಳಪು ಅಂಗಾಂಶದ ಸ್ವಂತ ನೀಲಿ ಹೊಳಪಿನಲ್ಲಿ ಕಳೆದುಹೋಗುತ್ತಿತ್ತು, ಹಸಿರಿನ ಫ್ಲೋರೆಸಿನ್‌ಗೆ ಬಂದದ್ದು ಆ ಕಾರಣಕ್ಕೆ. ನಿಮ್ಮ ಕೈಯಲ್ಲಿರುವ ಐಸೊಥಯೊಸಯನೇಟ್ ರೂಪ ಬಳಕೆಗೆ ಬಂದದ್ದು 1958ರಲ್ಲಿ.

ಇನ್ನು ಆ ಕಣ್ಣು ಕುಕ್ಕುವ ಜೀವಕೋಶಗಳ ವಿಚಾರ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಅದು. ಪಕ್ಕದ ಸೆಕ್ಷನ್ ಒಂದನ್ನು ತೆಗೆದು ಮಾಮೂಲು ಹೆಮಟಾಕ್ಸಿಲಿನ್–ಇಯೋಸಿನ್ ಹಾಕಿ ನೋಡಿ. ಅದೇ ಜಾಗದಲ್ಲಿ ಕೆಂಗುಲಾಬಿ ಕಾಳುಗಳನ್ನು ತುಂಬಿಕೊಂಡ ಇಯೋಸಿನೊಫಿಲ್‌ಗಳು ಕಾಣುತ್ತವೆ ಎಂಬುದು ನನ್ನ ಊಹೆ. ಇಲಿಯ ಸಣ್ಣ ಕರುಳಿನ ಒಳತಿರುಳಿನಲ್ಲಿ ಅವು ಆರೋಗ್ಯದಲ್ಲಿಯೂ ಮನೆಮಾಡಿಕೊಂಡಿರುತ್ತವೆ. ಅವುಗಳ ಕಾಳುಗಳಲ್ಲಿರುವುದು ತೀವ್ರ ಧನ ಆವೇಶದ ಪ್ರೋಟೀನ್‌ಗಳು. ಋಣ ಆವೇಶದ ಬಣ್ಣ ಎದುರಾದರೆ ಎಳೆದು ಹಿಡಿದುಕೊಳ್ಳುತ್ತವೆ. 1879ರಲ್ಲಿ ಪೌಲ್ ಎರ್ಲಿಖ್ ಅವುಗಳಿಗೆ ಹೆಸರಿಟ್ಟದ್ದೂ ಈ ಗುಣದಿಂದಲೇ. ಇಯೋಸಿನ್ ಎಂದರೇನು? ನಾಲ್ಕು ಬ್ರೋಮಿನ್ ಪರಮಾಣು ಸೇರಿಸಿದ ಫ್ಲೋರೆಸಿನ್, ಅಷ್ಟೇ. ನಿಮ್ಮ ಎಫ್‌ಐಟಿಸಿಯ ಖಾಸಾ ದಾಯಾದಿ.

ಅಲ್ಲಿ ಏನಾಗುತ್ತಿದೆ ಎಂದು ಈಗ ನಿಮಗೇ ಹೊಳೆದಿರಬೇಕು. ಒಂದೊಂದು ಎಫ್‌ಐಟಿಸಿ ಕಟ್ಟಿದಾಗಲೂ ಲೈಸಿನ್‌ನ ಒಂದು ಧನ ಆವೇಶ ಅಳಿಯುತ್ತದೆ, ಬಣ್ಣದ ಋಣ ಆವೇಶ ಅಲ್ಲಿಗೆ ಸೇರುತ್ತದೆ. ಹನ್ನೆರಡು ಸಲ ಇದು ನಡೆದ ಮೇಲೆ ಪ್ರತಿಕಾಯಕ್ಕೆ ತನ್ನ ಪ್ರತಿಜನಕದ ನೆನಪಿಗಿಂತ ಇಯೋಸಿನ್‌ನ ಸ್ವಭಾವವೇ ಹೆಚ್ಚು. ಸೆಕ್ಷನ್ ಮೇಲೆ ಅದು ಮುಕ್ಕಾಲು ಪಾಲು ಬಣ್ಣವಾಗಿ ನಡೆದುಕೊಳ್ಳುತ್ತದೆ: ಧನ ಆವೇಶ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೂರುತ್ತದೆ, ಇಯೋಸಿನೊಫಿಲ್‌ಗೆ ಬಿಗಿಯಾಗಿ, ಉಳಿದೆಡೆ ಸಡಿಲವಾಗಿ. ಆ ಸಡಿಲವಾದದ್ದೇ ನಿಮ್ಮ ಮಂಜು. ಶುದ್ಧೀಕರಣದಲ್ಲಿ ಉಳಿದುಹೋದ ಬಿಡಿ ಬಣ್ಣವೂ ಅದಕ್ಕೆ ಕೈಜೋಡಿಸಿರಬಹುದು. ಬಿಡಿ ಬಣ್ಣವಿದ್ದರೆ ಹನ್ನೆರಡು ಎಂಬ ಅಂಕಿಯೂ ಸ್ವಲ್ಪ ಉಬ್ಬಿರುತ್ತದೆ.

ನಿಮ್ಮ ಗೆಳತಿಯ ಸ್ಲೈಡುಗಳು ಚೆನ್ನಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಮೈಮೇಲೆ ಗುಳ್ಳೆ ಏಳಿಸುವ ಪೆಂಫಿಗಸ್ ರೋಗಿಯ ಚರ್ಮದಲ್ಲಿ ಅವಳು ಹುಡುಕುವುದು ಜೀವಕೋಶಗಳ ನಡುವೆ ಮೀನಿನ ಬಲೆಯಂತೆ ಶೇಖರವಾಗಿರುವ ಐಜಿಜಿಯನ್ನು. ಪ್ರತಿಜನಕ ರಾಶಿ ರಾಶಿ ಇದೆ. ಅದನ್ನು ಹಿಡಿಯುವುದು ಸಾಮಾನ್ಯವಾಗಿ ಪಾಲಿಕ್ಲೋನಲ್. ಒಂದೊಂದು ಐಜಿಜಿಯ ಮೇಲೆ ಅದಕ್ಕೆ ಹತ್ತಾರು ಹಿಡಿಗಳು ಸಿಗುತ್ತವೆ. ಬಣ್ಣದ ಅನುಪಾತವನ್ನು ತಯಾರಕರೇ ಹದವಾಗಿ ಇಟ್ಟು ಕಳಿಸಿರುತ್ತಾರೆ. ಅವಳ ಸ್ಲೈಡಿನಲ್ಲಿಯೂ ಆಗೊಮ್ಮೆ ಈಗೊಮ್ಮೆ ಇಯೋಸಿನೊಫಿಲ್ ಹೊಳೆಯುತ್ತದೆ, ಕೇಳಿ ನೋಡಿ. ಪಳಗಿದ ಕಣ್ಣು ಅದನ್ನು ಗುರುತಿಸಿ ದಾಟಿಹೋಗುತ್ತದೆ. ನಿಮ್ಮದು ಮಿತವಾಗಿರುವ ಪ್ರೋಟೀನ್, ಒಂದೇ ಹಿಡಿಯ ಮೊನೊಕ್ಲೋನಲ್. ಎಫ್‌ಐಟಿಸಿ ಒಂದೇ ಎಂದ ಮಾತ್ರಕ್ಕೆ ಎರಡೂ ಒಂದೇ ಕೆಲಸವಲ್ಲ.

ಹೊಸದಾಗಿ ಕಟ್ಟುವ ಮುನ್ನ ಒಂದು ದಿನ ಕೊಟ್ಟು ಈ ಪರೀಕ್ಷೆ ಮಾಡಿ. ದೂರದ ಕೆಂಪಿನಲ್ಲಿ ಹೊಳೆಯುವ, 647ರ ಬಗೆಯ ರ‍್ಯಾಟ್-ವಿರೋಧಿ ಸೆಕೆಂಡರಿ ಒಂದನ್ನು ತನ್ನಿ, ಇಲಿಯ ಪ್ರೋಟೀನಿಗೆ ಅಂಟದಂತೆ ಸೋಸಿದ್ದಾಗಿರಲಿ. ಒಂದು ಸೆಕ್ಷನ್‌ಗೆ ಬಣ್ಣವಿಲ್ಲದ ಮೂಲ ಪ್ರತಿಕಾಯ, ಇನ್ನೊಂದಕ್ಕೆ ನಿಮ್ಮ ಹಸಿರು ಪ್ರತಿಕಾಯ, ಎರಡೂ ಮಿಲಿಲೀಟರಿಗೆ 2 ಮೈಕ್ರೊಗ್ರಾಂ. ತಿದ್ದಿದ ಲೆಕ್ಕದಿಂದ, 0.30ರಿಂದ ತೆಳುಗೊಳಿಸಿ. ಎರಡರ ಮೇಲೂ ಅದೇ ಕೆಂಪು ಸೆಕೆಂಡರಿ. ಈಗ ಹಸಿರನ್ನು ಮರೆತು ಕೆಂಪನ್ನು ಮಾತ್ರ ನೋಡಿ. ಪ್ರತಿಕಾಯ ಎಲ್ಲಿ, ಎಷ್ಟು ಕೂತಿದೆ ಎಂದು ಕೆಂಪು ಹೇಳುತ್ತದೆ. ಹಸಿರು ಬಣ್ಣ ನಂದಿದೆಯೋ ಉರಿದಿದೆಯೋ ಅದಕ್ಕೆ ಬೇಕಿಲ್ಲ. ಎರಡೂ ಸೆಕ್ಷನ್‌ಗಳ ಪೊರೆ ಒಂದೇ ಹದದಲ್ಲಿ ಕೆಂಪಾಗಿದ್ದರೆ ಹಿಡಿತ ಕೆಟ್ಟಿಲ್ಲ, ಬಣ್ಣ ತನ್ನನ್ನು ತಾನೇ ನಂದಿಸಿಕೊಂಡಿದೆ ಅಷ್ಟೇ. ಹಸಿರು ಪ್ರತಿಕಾಯ ಹಾಕಿದ ಸೆಕ್ಷನ್‌ನಲ್ಲಿ ಕೆಂಪೂ ಸೊರಗಿದ್ದರೆ ತೋಳಿಗೇ ಪೆಟ್ಟಾಗಿದೆ. ಮೊದಲನೆಯದಾದರೆ ಕಡಿಮೆ ಬಣ್ಣ ಕಟ್ಟಿದರೆ ಸಾಕು. ಎರಡನೆಯದಾದರೆ ಕಡಿಮೆ ಬಣ್ಣ ಕಟ್ಟಿ ಇದೇ ಪರೀಕ್ಷೆ ಮತ್ತೆ ಮಾಡಬೇಕು. ಆಗಲೂ ಸೊರಗಿದ್ದರೆ ಆ ಪ್ರತಿಕಾಯವನ್ನು ಈ ಕೆಲಸದಿಂದ ಬಿಡುಗಡೆ ಮಾಡಿ.

ಇನ್ನೊಂದು ಸೆಕ್ಷನ್‌ಗೆ ಹಸಿರು ಪ್ರತಿಕಾಯದ ಜೊತೆಗೆ ಬಣ್ಣವಿಲ್ಲದ ಅದೇ ಪ್ರತಿಕಾಯವನ್ನು ಇಪ್ಪತ್ತು ಪಟ್ಟು ಬೆರೆಸಿ ಹಾಕಿ. ನಿಜವಾದ ಹಸಿರು ಆಗ ಅಳಿಸಿಹೋಗಬೇಕು. ಅಳಿಸದೆ ಉಳಿದದ್ದು ಸುಳ್ಳು. ಏನನ್ನೂ ಹಾಕದ ಸೆಕ್ಷನ್ ಒಂದಂತೂ ಇರಲೇಬೇಕು, ಅಂಗಾಂಶದ ಸ್ವಂತ ಹೊಳಪು ಎಷ್ಟೆಂದು ತಿಳಿಯಲು. ಹಸಿರು ಪಟ್ಟಿಯಲ್ಲಿ ಅದರ ಕಾಟ ಜಾಸ್ತಿ. ಐಸೊಟೈಪ್ ಕಂಟ್ರೋಲ್ (ಅದೇ ವರ್ಗದ, ಆದರೆ ಅಂಗಾಂಶದಲ್ಲಿ ಏನನ್ನೂ ಗುರುತಿಸದ ಪ್ರತಿಕಾಯ) ಬಳಸುವುದಾದರೆ ಅದಕ್ಕೂ ಅದೇ ಬಣ್ಣ, ಅದೇ ಅನುಪಾತ ಇರಬೇಕು. ಮೂರು ಬಣ್ಣ ಹೊತ್ತ ಐಸೊಟೈಪನ್ನು ಹನ್ನೆರಡು ಹೊತ್ತ ಪ್ರತಿಕಾಯದ ಪಕ್ಕ ನಿಲ್ಲಿಸಿ ಹಿನ್ನೆಲೆ ಶುದ್ಧವಾಗಿದೆ ಎಂದು ತೋರಿಸುವವರನ್ನು ಬಹಳ ನೋಡಿದ್ದೇನೆ.

ಮತ್ತೆ ಕಟ್ಟುವಾಗ ಒಂದೇ ದೊಡ್ಡ ಕೊಳವೆಯಲ್ಲಿ ಜೂಜಾಡಬೇಡಿ. ಒಂದು ಮಿಲಿಗ್ರಾಂ ಪ್ರತಿಕಾಯಕ್ಕೆ 10, 25, 50 ಮೈಕ್ರೊಗ್ರಾಂ ಎಫ್‌ಐಟಿಸಿ ಬರುವ ಅನುಪಾತದಲ್ಲಿ ಮೂರು ಸಣ್ಣ ಕೊಳವೆಗಳನ್ನು ಮಾಡಿ. ಅಣುಗಳ ಲೆಕ್ಕದಲ್ಲಿ ಇವು ಸುಮಾರು ನಾಲ್ಕು, ಹತ್ತು, ಹತ್ತೊಂಬತ್ತು ಪಟ್ಟು, ಹಾಕಿದ್ದೆಲ್ಲ ಅಂಟುವುದಿಲ್ಲ. ಪ್ರತಿಕಾಯ ಮಿಲಿಲೀಟರಿಗೆ 2 ಮಿಲಿಗ್ರಾಮಿಗಿಂತ ತೆಳುವಾಗಿರಬಾರದು, ಕಾರ್ಬೊನೇಟ್ ಬಫರ್ ಪಿಎಚ್ 9ರ ಆಸುಪಾಸಿರಲಿ. ಬಾಟಲಿಯಲ್ಲಿ ಅಲ್ಬುಮಿನ್ ಅಥವಾ ಜೆಲಟಿನ್ ಬೆರೆಸಿದ್ದರೆ ಅದನ್ನು ತೆಗೆಯದೆ ಕೈ ಹಾಕಬೇಡಿ, ಬಣ್ಣ ಮೊದಲು ಅದನ್ನೇ ಹಿಡಿಯುತ್ತದೆ.

ಟ್ರಿಸ್ ಬಫರ್‌ನಲ್ಲಿ ಬಣ್ಣ ಕಟ್ಟಬಾರದು ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಹಲವು ವರ್ಷಗಳ ಹಿಂದೆ ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಪ್ರತಿಕಾಯವನ್ನು ಟ್ರಿಸ್‌ನಲ್ಲೇ ಬಿಟ್ಟು ರಾತ್ರಿಯಿಡೀ ಎಫ್‌ಐಟಿಸಿ ಕಟ್ಟಲು ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಗಾತ್ರದ ಪ್ರಕಾರ ಅಣುಗಳನ್ನು ಬೇರ್ಪಡಿಸುವ ಸೆಫಡೆಕ್ಸ್ ಜಿ-25ರ ಕಾಲಮ್‌ಗೆ ಸುರಿದೆ. ಎಲ್ಲ ಸರಿಯಾಗಿದ್ದರೆ ಹಳದಿ ಎರಡಾಗಿ ಒಡೆಯುವುದನ್ನು ಕಣ್ಣಾರೆ ನೋಡಬಹುದು: ಮುಂದೆ ಬೇಗ ಇಳಿಯುವ ಪಟ್ಟೆ ಬಣ್ಣ ಹೊತ್ತ ಪ್ರತಿಕಾಯ, ಹಿಂದೆ ತೆವಳುವುದು ಬಿಡಿ ಬಣ್ಣ. ನನ್ನ ಕಾಲಮ್ಮಿನಲ್ಲಿ ಮುಂದಿನ ಪಟ್ಟೆಯೇ ಇರಲಿಲ್ಲ. ಇದ್ದದ್ದೆಲ್ಲ ಹಿಂದೆ, ಆರಾಮವಾಗಿ ತೆವಳುತ್ತಿತ್ತು. ಟ್ರಿಸ್ ಸ್ವತಃ ಅಮೈನ್. ಬಣ್ಣವೆಲ್ಲ ಅದಕ್ಕೇ ಅಂಟಿಕೊಂಡಿತ್ತು. ಗ್ಲೈಸಿನ್ ಕೂಡ ಅದೇ ಜಾತಿ. ಮೊದಲು ಡಯಾಲಿಸಿಸ್ ಮಾಡಿ ಬಫರ್ ಬದಲಿಸಿ.

ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆ ಬೇಕು. ಮೈನಸ್ 20ರಿಂದ ತೆಗೆದ ಎಫ್‌ಐಟಿಸಿ ಬಾಟಲಿ ನಮ್ಮ ಕಡೆಯ ಜುಲೈ ಗಾಳಿಗೆ ಬಂದೊಡನೆ ಬೆವರುತ್ತದೆ. ಅದು ಕೋಣೆಯ ಉಷ್ಣತೆಗೆ ಬರುವ ಮುಂಚೆ ಮುಚ್ಚಳ ತೆರೆದರೆ ಆ ಬೆವರು ಒಳಗೂ ಇಳಿಯುತ್ತದೆ, ನೀರು ತಗುಲಿದ ಬಣ್ಣ ಅಂಟುವ ಶಕ್ತಿ ಕಳೆದುಕೊಳ್ಳುತ್ತದೆ. ಬಣ್ಣವನ್ನು ಕರಗಿಸುವ ಡಿಎಂಎಸ್‌ಒ ಕೂಡ ನೀರು ಕುಡಿಯುವ ದ್ರವ, ಒಣಗಿದ್ದನ್ನೇ ಬಳಸಿ. ಜೂನ್‌ನಲ್ಲಿ ಹನ್ನೆರಡು ಬಂದದ್ದು ಆಗಸ್ಟ್‌ನಲ್ಲಿ ಅದೇ ಅಳತೆಗೆ ನಾಲ್ಕು ಬಂದರೆ ನಿಮ್ಮ ಕೈಗುಣವನ್ನು ಹೊಗಳಿಕೊಳ್ಳುವ ಮುನ್ನ ಬಾಟಲಿಯನ್ನು ಸಂಶಯಿಸಿ.

ಮೂರು ಕೊಳವೆಗಳ ಅನುಪಾತವನ್ನು ಪಿಎಚ್ 8 ದಾಟಿದ ಬಫರ್‌ನಲ್ಲಿ ಅಳೆಯಿರಿ. ಫ್ಲೋರೆಸಿನ್ ಆಮ್ಲೀಯತೆಗೆ ಬಾಡುವ ಹೂವು, 6.4ರ ಹತ್ತಿರ ಅದರ ಹೊಳಪೂ ಹೀರಿಕೆಯೂ ಅರ್ಧಕ್ಕೆ ಬರುತ್ತವೆ. ಸ್ಲೈಡಿಗೆ ಹಾಕುವ ಮೌಂಟಿಂಗ್ ದ್ರವಕ್ಕೂ ಇದೇ ಮಾತು. ಬಳಸುವ ದಿನ ಕೊಳವೆಯನ್ನು ಸೆಂಟ್ರಿಫ್ಯೂಜ್‌ನಲ್ಲಿ 10,000 ಜಿ ಬಲದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನದನ್ನು ಮಾತ್ರ ತೆಗೆದುಕೊಳ್ಳಿ; ಮುದ್ದೆಗಟ್ಟಿದ ಪ್ರತಿಕಾಯ ಸೆಕ್ಷನ್ ಮೇಲೆ ನಕ್ಷತ್ರ ಚೆಲ್ಲಿದಂತೆ ಬೀಳುತ್ತದೆ. ಆಮೇಲೆ ಮೂರನ್ನೂ ಮಿಲಿಲೀಟರಿಗೆ 0.5ರಿಂದ 10 ಮೈಕ್ರೊಗ್ರಾಂವರೆಗೆ ಹಾಕಿ ನೋಡಿ. ಎರಡು ಮೂರು ಬಣ್ಣದ ಕೊಳವೆಯೇ ಗೆದ್ದರೆ ನನಗೆ ಆಶ್ಚರ್ಯವಾಗದು.

ಹನ್ನೆರಡರದನ್ನು ಚೆಲ್ಲಬೇಕೇ? ಹೆಚ್ಚು ಇದ್ದರೆ ಡಿಇಎಇ ಕಾಲಮ್‌ನಲ್ಲಿ ಆವೇಶದ ಪ್ರಕಾರ ಬೇರ್ಪಡಿಸಬಹುದು, ಕಡಿಮೆ ಬಣ್ಣದವು ಮೊದಲು ಇಳಿಯುತ್ತವೆ. ಹಳೆಯ ಕಾಲದ ವಿಧಾನ, ಚೆನ್ನಾಗಿ ನಡೆಯುತ್ತದೆ. ಅರ್ಧ ಮಿಲಿಗ್ರಾಂ ಉಳಿದಿದ್ದರೆ ಆ ಸಾಹಸ ಬೇಡ.

ಎಲ್ಲ ಸರಿಯಾದ ಮೇಲೂ ನಿಮ್ಮ ಮೊದಲಿನ ಸ್ಲೈಡಿನಷ್ಟು ಹೊಳಪು ಬರುವುದಿಲ್ಲ. ಆಗ ಒಂದು ಪ್ರತಿಕಾಯದ ಮೇಲೆ ಹಲವು ಸೆಕೆಂಡರಿಗಳು ಕೂತು, ಒಂದೊಂದೂ ತನ್ನ ಬಣ್ಣಗಳನ್ನು ತಂದಿತ್ತು. ನೇರ ಬಣ್ಣದಲ್ಲಿ ಆ ಗುಣಾಕಾರ ಇಲ್ಲ. ಪೊರೆಯ ಗೆರೆ ಮಂಜಿನಿಂದ ಎದ್ದು ಕಂಡರೆ ತೃಪ್ತಿಪಡಿ. ಅಷ್ಟೂ ಸಾಲದಿದ್ದರೆ ಅಲೆಕ್ಸಾ 488ರಂಥ ಬಣ್ಣಕ್ಕೆ ಹೋಗಬಹುದು, ಅದು ಬೇಗ ಮಾಸುವುದಿಲ್ಲ, ಪಿಎಚ್‌ಗೆ ಬಾಡುವುದಿಲ್ಲ. ಆದರೆ ಅದೂ ಲೈಸಿನ್‌ಗೇ ಅಂಟುತ್ತದೆ, ಅದೂ ಋಣ ಆವೇಶದ್ದೇ. ಫೈಕೊಎರಿತ್ರಿನ್ ಅಂತೂ ಬೇಡ. ಅದು ಪ್ರತಿಕಾಯಕ್ಕಿಂತ ದೊಡ್ಡದು, ಬಿಡಿ ಜೀವಕೋಶಗಳನ್ನು ಅಳೆಯುವ ಫ್ಲೋ ಸೈಟೊಮೆಟ್ರಿಯ ರಾಜ, ಫಿಕ್ಸ್ ಮಾಡಿದ ಅಂಗಾಂಶದೊಳಗೆ ನುಗ್ಗಲು ಒದ್ದಾಡುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡರಲ್ಲಿ ಒಂದು ಪ್ರೋಟೀನಿಗೆ ಮೊಲದಲ್ಲಿ ತಯಾರಾದ ಒಳ್ಳೆಯ ಪ್ರತಿಕಾಯ ಸಿಗುತ್ತದೆಯೇ ಎಂದು ಮೊದಲು ಹುಡುಕುತ್ತಿದ್ದೆ. ಸಿಕ್ಕರೆ ಬಣ್ಣ ಕಟ್ಟುವ ಈ ರಗಳೆಯೇ ಇಲ್ಲ.

ಸಿಗದಿದ್ದರೆ, ಎರಡೂ ರ‍್ಯಾಟ್ ಪ್ರತಿಕಾಯಗಳನ್ನು ಹಾಕುವ ಸರದಿಯಲ್ಲಿ ಎಡವಬೇಡಿ. ಮೊದಲು ಬಣ್ಣವಿಲ್ಲದ ಎರಡನೆಯ ಪ್ರತಿಕಾಯ, ಅದಕ್ಕೆ ಕೆಂಪು ಸೆಕೆಂಡರಿ, ತೊಳೆದ ಮೇಲೆ ರ‍್ಯಾಟ್‌ನ ಸಾಮಾನ್ಯ ಸೀರಂ. ಸೆಕೆಂಡರಿಯ ಖಾಲಿ ತೋಳುಗಳು ಅದರಿಂದ ತುಂಬಿಹೋಗಲಿ. ಹಸಿರು ಪ್ರತಿಕಾಯ ಬರುವುದು ಎಲ್ಲಕ್ಕೂ ಕೊನೆಗೆ. ಹಿಂದುಮುಂದಾದರೆ ಸೆಕೆಂಡರಿ ನಿಮ್ಮ ಹಸಿರನ್ನೂ ಹಿಡಿದುಕೊಳ್ಳುತ್ತದೆ, ಎರಡು ಪ್ರೋಟೀನ್‌ಗಳು ಒಂದೇ ಜಾಗದಲ್ಲಿವೆ ಎಂಬ ಸುಂದರವಾದ ಸುಳ್ಳು ಚಿತ್ರ ನಿಮ್ಮ ಕೈಸೇರುತ್ತದೆ.

ಕೆಂಪು ಸೆಕೆಂಡರಿಯ ಪರೀಕ್ಷೆ ಆದ ಮೇಲೆ ಆ ಸ್ಲೈಡುಗಳನ್ನೂ ಇಯೋಸಿನ್ ಹಾಕಿದ ಸ್ಲೈಡನ್ನೂ ನೋಡುವ ಆಸೆ ನನಗಿದೆ. ಗೆಳತಿಯನ್ನು ಕಾಣಲು ಡೆಕ್ಕನ್ ಕ್ವೀನ್ ಹತ್ತಿದಾಗ ಮಾಟುಂಗಾ ಕಡೆಗೂ ಬನ್ನಿ, ಕಾಫಿಗೆ ಇಲ್ಲಿ ಕೊರತೆಯಿಲ್ಲ. ಸ್ಲೈಡುಗಳನ್ನು ಫಾಯಿಲ್‌ನಲ್ಲಿ ಸುತ್ತಿ, ಐಸ್ ಪ್ಯಾಕ್‌ಗೆ ನೇರವಾಗಿ ತಾಗದಂತೆ ಡಬ್ಬಿಯಲ್ಲಿಟ್ಟು ತನ್ನಿ.